ತತ್ತಿ ಯಾವತ್ತಿನದು?

ಮಾನ್ಯರೇ,

ಹಾವೇರಿ ಜಿಲ್ಲೆಯ ನಿಮ್ಮ ಊರಿಂದ ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಬರುವ ಹದಿನೈದಿಪ್ಪತ್ತು ತತ್ತಿಗಳ ಬಗ್ಗೆ ನೀವು ಬರೆದ ಮೂರು ಪುಟದ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ತಿರುಳನ್ನು ಇಲ್ಲಿ ಹೇಳಿಬಿಡುತ್ತೇನೆ.

ನೀವು ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೀರಿ. ನಿಮ್ಮ ಅವ್ವ ಈಗಲೂ ಊರಲ್ಲಿ ಕೋಳಿ ಸಾಕುತ್ತಾರೆ, ಜವಾರಿ, ಅಂದರೆ ನಾಟಿ ತತ್ತಿ ಕಳಿಸುತ್ತಾರೆ. ಆ ರುಚಿ ಅಂಗಡಿಯ ಮೊಟ್ಟೆಗಿಲ್ಲ ಎಂದು ನೀವು ಅಂದರೆ, ಪಿಯುಸಿಯಲ್ಲಿ ವಿಜ್ಞಾನ ಓದುವ ಮಗ ‘ಅದೂ ಪ್ರೋಟೀನು, ಇದೂ ಪ್ರೋಟೀನು, ನಿನಗೆ ರುಚಿಸೋದು ಊರಿನ ನೆನಪು’ ಅನ್ನುತ್ತಾನೆ. ಒಮ್ಮೆ ಅವ್ವನ ತತ್ತಿ ಖಾಲಿಯಾದಾಗ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ದುಪ್ಪಟ್ಟು ಬೆಲೆ ಕೊಟ್ಟು ‘ನಾಟಿ’ ಎಂದು ಬರೆದ ಡಬ್ಬಿ ತಂದಿರಿ, ಅದರಲ್ಲೂ ಆ ರುಚಿ ಸಿಗಲಿಲ್ಲ. ‘ಹಂಗಾದ್ರ ನನ್ನ ಮಗ ಹೇಳಿದ್ದ ಖರೆ ಏನ್ರೀ?’ ಎಂದು ಕೇಳಿದ್ದೀರಿ. ಕೊನೆಗೆ, ಹೋದ ಬೇಸಿಗೆಯಲ್ಲಿ ಏಳು ಕೋಳಿ ಸತ್ತು ಅವ್ವ ‘ಇನ್ನ ಸಾಕು’ ಅನ್ನುತ್ತಿರುವ ಸಂಕಟವನ್ನೂ ತೋಡಿಕೊಂಡಿದ್ದೀರಿ.

ಮೊದಲು ರುಚಿಯ ಮಾತು. ನಿಮ್ಮ ನಾಲಿಗೆ ಸುಳ್ಳು ಹೇಳಿಲ್ಲ. ಆದರೆ ಅದು ಹೇಳಿದ್ದನ್ನು ನಾವು ಎಷ್ಟೋ ಸಲ ತಪ್ಪಾಗಿ ತಿಳಿಯುತ್ತೇವೆ. ಜವಾರಿ ಎಂಬ ಜಾತಿಗೆ, ಕಂದು ಸಿಪ್ಪೆಗೆ, ಕಡು ಹಳದಿಗೆ ನಾವು ಕೊಡುವ ಶ್ರೇಯಸ್ಸಿನಲ್ಲಿ ಬಹುಪಾಲು ಸಲ್ಲಬೇಕಾದ್ದು ತತ್ತಿಯ ವಯಸ್ಸಿಗೆ.

ಮೊಟ್ಟೆಯ ಸಿಪ್ಪೆ ನೋಡಲು ಗಟ್ಟಿ, ಆದರೆ ಅದರ ತುಂಬ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿರುತ್ತವೆ. ಇಟ್ಟ ಗಳಿಗೆಯಿಂದಲೇ ಒಳಗಿನ ತೇವ, ಇಂಗಾಲದ ಡೈಆಕ್ಸೈಡ್ ಎರಡೂ ಆ ತೂತುಗಳಿಂದ ಹೊರಹೋಗುತ್ತವೆ. ತೇವ ಹೋದಷ್ಟೂ ದಪ್ಪ ತುದಿಯಲ್ಲಿರುವ ಗಾಳಿಯ ಚೀಲ ದೊಡ್ಡದಾಗುತ್ತದೆ. ಹಳೇ ಮೊಟ್ಟೆ ನೀರಿನಲ್ಲಿ ನೆಟ್ಟಗೆ ನಿಲ್ಲುವುದು, ತೀರಾ ಹಳತಾದರೆ ತೇಲುವುದು ಇದರಿಂದಲೇ. ಇಂಗಾಲದ ಡೈಆಕ್ಸೈಡ್ ಹೋದಂತೆ ಬಿಳಿ ಲೋಳೆಯ ಕ್ಷಾರಗುಣ ಏರುತ್ತದೆ, ಗಟ್ಟಿ ಲೋಳೆ ನೀರಾಗುತ್ತದೆ, ಹಳದಿಯನ್ನು ಹಿಡಿದ ತೆಳು ಪೊರೆ ಸಡಿಲವಾಗುತ್ತದೆ. ಹೊಸ ತತ್ತಿಯನ್ನು ಕಾವಲಿಗೆ ಒಡೆದು ಹಾಕಿದರೆ ಹಳದಿ ಗುಂಡಗೆ ಎದ್ದು ನಿಲ್ಲುತ್ತದೆ, ಲೋಳೆ ಅದರ ಸುತ್ತ ದಪ್ಪಗೆ ಕೂರುತ್ತದೆ. ಹಳತಾದರೆ ಕಾವಲಿಯ ತುಂಬ ಹರಿದು ಅಂಚು ತೊಗಟೆಯಂತೆ ಸೀಯುತ್ತದೆ. ಇದನ್ನು ಅಳೆಯಲು ಒಂದು ಮಾನವೇ ಇದೆ. ಅಮೆರಿಕದ ರೇಮಂಡ್ ಹಾ ಎಂಬವರು 1937ರಲ್ಲಿ ಮೊಟ್ಟೆಯ ತೂಕಕ್ಕೂ ಗಟ್ಟಿ ಲೋಳೆಯ ಎತ್ತರಕ್ಕೂ ಲೆಕ್ಕ ಹಾಕಿ ಕೊಟ್ಟ ಆ ಮಾನವನ್ನು ಮೊಟ್ಟೆಯ ಗುಣಮಟ್ಟ ನೋಡುವವರು ಇವತ್ತಿಗೂ ಬಳಸುತ್ತಾರೆ. ನಿಮ್ಮ ಮಗನಿಗೆ ಹೇಳಿ: ನೀನು ನೆನಪು ಅಂದದ್ದನ್ನು ಮಿಲಿಮೀಟರಿನಲ್ಲಿ ಅಳೆಯಬಹುದು.

ಅವನಿಂದ ಇನ್ನೊಂದು ಪ್ರಯೋಗವನ್ನೂ ಮಾಡಿಸಿ. ಅವ್ವನ ತತ್ತಿ ಬಂದ ದಿನವೇ ಒಂದನ್ನು ಬೇಯಿಸಿ ಸುಲಿಯಲಿ. ಸಿಪ್ಪೆಯ ಜತೆ ಬಿಳಿಯೂ ಕಿತ್ತು ಬಂದು ಗಾಯಗಾಯವಾಗುತ್ತದೆ. ಹತ್ತು ದಿನ ಇಟ್ಟು ಬೇಯಿಸಿದ್ದು ಸಲೀಸಾಗಿ ಸುಲಿಯುತ್ತದೆ, ಒಳಪೊರೆಗೆ ಅಂಟಿಕೊಂಡ ಲೋಳೆಯ ಹಿಡಿತ ಕ್ಷಾರ ಏರಿದಂತೆ ಬಿಡುತ್ತದೆ. ಹಾಗಾಗಿ ಹೊಸ ತತ್ತಿಯನ್ನು ಒಡೆದು ಹಾಕಿ, ಆಮ್ಲೆಟ್ ಮಾಡಿ. ಬೇಯಿಸಿ ಸಾರಿಗೆ ಹಾಕುವುದಿದ್ದರೆ ಹತ್ತು ದಿನ ಹಳೆಯದನ್ನು ಆರಿಸಿಕೊಳ್ಳಿ.

ಈಗ ಸೂಪರ್ ಮಾರ್ಕೆಟ್ಟಿನ ‘ನಾಟಿ’ ಡಬ್ಬಿ ನಿಮಗೆ ಯಾಕೆ ರುಚಿಸಲಿಲ್ಲ ಎಂಬುದಕ್ಕೆ ಬರುತ್ತೇನೆ. ನಮ್ಮ ಹಳ್ಳಿಯ ಹೇಂಟೆ ವರ್ಷಕ್ಕೆ ಇಡುವುದು ಸುಮಾರು 50–60 ತತ್ತಿ. ಹತ್ತು ಹನ್ನೆರಡು ಇಟ್ಟಳೆಂದರೆ ಕಾವಿಗೆ ಕೂರುತ್ತಾಳೆ, 21 ದಿನ ಏಳುವುದಿಲ್ಲ, ಆಮೇಲೆ ಮರಿ ಕಟ್ಟಿಕೊಂಡು ತಿಂಗಳುಗಟ್ಟಲೆ ತಿರುಗುತ್ತಾಳೆ. ಪಂಜರದ ಲೇಯರ್ ಕೋಳಿ ವರ್ಷಕ್ಕೆ 300ಕ್ಕೂ ಹೆಚ್ಚು ಇಡುತ್ತದೆ, ಕಾವಿನ ಗುಣವನ್ನೇ ಅದರ ತಳಿಯಿಂದ ತೆಗೆದುಹಾಕಲಾಗಿದೆ. ಪೇಟೆಯ ಅಂಗಡಿಗೆ 30ರ ಒಂದು ಟ್ರೇ ನಿಜವಾದ ಹಳ್ಳಿ ತತ್ತಿ ತುಂಬಬೇಕಾದರೆ ವ್ಯಾಪಾರಿ ಎಷ್ಟು ಮನೆ ಸುತ್ತಬೇಕು, ಎಷ್ಟು ಸಂತೆ ಕಾಯಬೇಕು, ನೀವೇ ಲೆಕ್ಕ ಹಾಕಿ. ಹೀಗೆ ಕೂಡಿಸಿದ ನಾಟಿ ಮೊಟ್ಟೆ ನಿಮ್ಮ ಕೈಗೆ ಬರುವ ಹೊತ್ತಿಗೆ, ಪಕ್ಕದಲ್ಲಿರುವ ಅಗ್ಗದ ಬಿಳಿ ಮೊಟ್ಟೆಗಿಂತ ಹಳೆಯದಾಗಿರುವ ಸಂಭವವೇ ಹೆಚ್ಚು. ದೊಡ್ಡ ಫಾರಂಗಳಲ್ಲಿ ಮೊಟ್ಟೆಯನ್ನು ದಿನಾ ಎತ್ತುತ್ತಾರೆ, ಲಾರಿಗೆ ಏರಿಸುತ್ತಾರೆ. ಅಲ್ಲದೆ ಹುಂಜದ ಜತೆ ಓಡಾಡಿದ ಹೇಂಟೆಯ ತತ್ತಿಯಲ್ಲಿ ಜೀವವಿರುತ್ತದೆ, ಏಪ್ರಿಲ್ ಬಿಸಿಲಲ್ಲಿ ಬುಟ್ಟಿಯಲ್ಲೇ ಅದು ಬೆಳೆಯತೊಡಗಿ ಒಡೆದಾಗ ರಕ್ತದ ಎಳೆ ಕಾಣುವುದುಂಟು. ಫಾರಂ ಮೊಟ್ಟೆಗೆ ಆ ತೊಂದರೆಯಿಲ್ಲ.

ಇದು ಪ್ರಾಮಾಣಿಕ ವ್ಯಾಪಾರದ ಮಾತಾಯಿತು. ಉಳಿದದ್ದೂ ಇದೆ. ಕಂದು ಮೊಟ್ಟೆ ಇಡುವ ಪಂಜರದ ತಳಿಗಳೇ ಬೇರೆ ಇವೆ, ಅವುಗಳ ಮೊಟ್ಟೆ ‘ನಾಟಿ’ ಎಂಬ ಹೆಸರಲ್ಲಿ ಮಾರಾಟವಾಗುತ್ತದೆ. ಸಿಪ್ಪೆಯ ಬಣ್ಣ ಕೋಳಿಯ ವಂಶದ್ದು, ಮೇವಿಗೂ ಪೌಷ್ಟಿಕತೆಗೂ ಅದಕ್ಕೂ ಸಂಬಂಧವಿಲ್ಲ. ಕೆಲವು ವರ್ಷಗಳ ಹಿಂದೆ ನಾನು ರಸ್ತೆ ಬದಿಯಲ್ಲಿ ಕೊಂಡ ಒಂದು ಡಜನ್ ನಾಟಿ ಮೊಟ್ಟೆ ಕುದಿಸಿದಾಗ ನೀರೆಲ್ಲ ಚಹಾದ ಬಣ್ಣಕ್ಕೆ ತಿರುಗಿ, ಮೊಟ್ಟೆ ಬೆಳ್ಳಗಾಗಿ ಎದ್ದು ಬಂದವು. ಆ ದಿನದ ಸಿಟ್ಟು ಇನ್ನೂ ಆರಿಲ್ಲ. ಮನೆಯಲ್ಲಿ ಬಾಣಂತಿಗೆಂದು ತಂದದ್ದು ಅದು.

ಹಳದಿಯ ಬಣ್ಣವನ್ನೂ ಪೂರ್ತಿ ನಂಬಬೇಡಿ. ಹಿತ್ತಲಲ್ಲಿ ಹುಲ್ಲು, ಸೊಪ್ಪು, ಹುಳ ತಿಂದ ಕೋಳಿಯ ತತ್ತಿ ಕೇಸರಿಗೆ ತಿರುಗುವುದು ನಿಜ. ಆದರೆ ಮೇವಿಗೆ ಚೆಂಡುಹೂವಿನ ಸಾರ ಬೆರೆಸಿದರೂ ಅದೇ ಬಣ್ಣ ಬರುತ್ತದೆ. ಗುಂಡ್ಲುಪೇಟೆ ಕಡೆ ಹೆದ್ದಾರಿಯ ಇಕ್ಕೆಲದಲ್ಲಿ ಜನ ನಿಂತು ಫೋಟೊ ತೆಗೆಸಿಕೊಳ್ಳುವ ಚೆಂಡುಹೂವಿನ ಹೊಲಗಳಲ್ಲಿ ಎಷ್ಟೋ ಹೂವು ಪೂಜೆಗಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ.

ಪ್ರೋಟೀನಿನ ವಿಷಯದಲ್ಲಿ ನಿಮ್ಮ ಮಗ ಹೇಳಿದ್ದು ಸರಿ, ಅದನ್ನು ಒಪ್ಪಿಕೊಳ್ಳೋಣ. ಒಂದು ಮಾಮೂಲಿ ಮೊಟ್ಟೆಯಲ್ಲಿ ಆರು ಗ್ರಾಂ ಆಸುಪಾಸು ಪ್ರೋಟೀನು. ಜವಾರಿ ತತ್ತಿ ಚಿಕ್ಕದು, ಆದ್ದರಿಂದ ಅದರಲ್ಲಿ ಒಂದಿಷ್ಟು ಕಡಿಮೆಯೇ. ಬಯಲಲ್ಲಿ ಹಸಿರು ಮೇಯ್ದ ಕೋಳಿಯ ಮೊಟ್ಟೆಯಲ್ಲಿ ವಿಟಮಿನ್ ಇ, ಒಮೆಗಾ-3 ಕೊಬ್ಬು ಹೆಚ್ಚಿರುತ್ತದೆ ಎಂದು ಅಳೆದು ನೋಡಿದವರು ಹೇಳಿದ್ದಾರೆ. ಆದರೆ ಊರಿನ ಕೋಳಿಯೆಲ್ಲ ಹಸಿರು ಮೇಯುವುದಿಲ್ಲ. ಬೇಸಿಗೆಯಲ್ಲಿ ಅಂಗಳದ ಅನ್ನದ ಅಗುಳು, ಜೋಳದ ನುಚ್ಚು, ತಿಪ್ಪೆಯ ಹುಳವೇ ಅದರ ಊಟ.

ಫಾರಂ ಮೊಟ್ಟೆಯನ್ನು ಕೀಳಾಗಿ ಕಾಣುವ ಮಾತನ್ನು ನಾನು ಒಪ್ಪುವುದಿಲ್ಲ. ಕೋಳಿ ಸಾಕಣೆದಾರರ ಸಂಘಟನೆಯಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ 1982ರಲ್ಲಿ ಹುಟ್ಟಿದ ಕಾಲಕ್ಕೆ ಮೊಟ್ಟೆ ನಮ್ಮ ಎಷ್ಟೋ ಮನೆಗಳಲ್ಲಿ ಜ್ವರ ಬಿಟ್ಟವರಿಗೆ, ಬಾಣಂತಿಗೆ ಮೀಸಲಾದ ಪದಾರ್ಥ. ಇವತ್ತು ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡುತ್ತಿದ್ದಾರೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜತೆ ಒಪ್ಪಂದವಾದ ಮೇಲೆ ಅದು ವಾರಕ್ಕೆ ಆರು ದಿನವಾಯಿತು. ಲಕ್ಷಾಂತರ ಮಕ್ಕಳ ತಟ್ಟೆಗೆ ದಿನವೂ ಮೊಟ್ಟೆ ಬೀಳುವುದು ಹಿತ್ತಲ ಕೋಳಿಯಿಂದ ಆಗುವ ಕೆಲಸವಲ್ಲ. ಅದೇ ಹೊತ್ತಿಗೆ, ಆ ಮೊಟ್ಟೆ ಇಡುವ ಕೋಳಿಗೆ ಪಂಜರದಲ್ಲಿ ಸಿಗುವ ಜಾಗ ಒಂದು ಎ4 ಹಾಳೆಗಿಂತಲೂ ಕಡಿಮೆ, ಅದು ರೆಕ್ಕೆ ಬಿಚ್ಚುವುದಿಲ್ಲ, ಮಣ್ಣು ಕೆದಕುವುದಿಲ್ಲ. ಇದು ನನ್ನನ್ನು ಕಾಡುತ್ತದೆ. ಅಗ್ಗದ ಮೊಟ್ಟೆಯ ಬೆಲೆಯಲ್ಲಿ ಒಂದು ಪಾಲನ್ನು ಕೋಳಿಯೇ ತೆರುತ್ತಿದೆ.

ನಮ್ಮಜ್ಜಿಯ ಊರು ತುಮಕೂರು ಕಡೆ. ಅವಳು ತತ್ತಿಯನ್ನು ರಾಗಿ ತುಂಬಿದ ಮಡಕೆಯಲ್ಲಿ ಹುಗಿದಿಡುತ್ತಿದ್ದಳು. ಕಾವಿಗೆ ಇಡುವಾಗ ಒಂದೊಂದನ್ನೂ ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆ ಅಡ್ಡ ಮಾಡಿ ನೋಡುವಳು, ಹನ್ನೊಂದೋ ಹದಿಮೂರೋ, ಬೆಸಸಂಖ್ಯೆಯೇ ಆಗಬೇಕು. ಯಾವ ತತ್ತಿ ಯಾವ ಕೋಳಿಯದು ಎಂದು ಆಕಾರ ನೋಡಿಯೇ ಹೇಳುವಳು. ಮೊಟ್ಟೆ ಮಾರಿ ಬಂದ ದುಡ್ಡಿಗೆ ಅಜ್ಜ ಲೆಕ್ಕ ಕೇಳುತ್ತಿರಲಿಲ್ಲ. ದನದ ದುಡ್ಡು, ಬೆಳೆಯ ದುಡ್ಡು ಅವರದು, ಕೋಳಿಯ ದುಡ್ಡು ಅಜ್ಜಿಯದು. ಮಗಳು ಹೆರಿಗೆಗೆ ಬಂದಳೆಂದರೆ ಮಾರುವುದು ಅವತ್ತಿಗೆ ನಿಂತಿತು. ನಿಮ್ಮ ಪತ್ರ ಓದುವಾಗ ನನಗೆ ಕಂಡದ್ದು ಆ ಮಡಕೆ. ನಿಮ್ಮ ಅವ್ವ ಕಳಿಸುವುದು ಯಾವ ಡಬ್ಬಿಯ ಮೇಲೂ ಅಚ್ಚಾಗದ ಮಾಹಿತಿ ಇರುವ ತತ್ತಿ: ಯಾವತ್ತು ಇಟ್ಟದ್ದು, ಯಾವ ಕೋಳಿ ಇಟ್ಟದ್ದು, ಅದು ಏನು ತಿಂದಿತ್ತು, ಎಲ್ಲವನ್ನೂ ಫೋನು ಮಾಡಿ ಕೇಳಬಹುದು. ಬೆಂಗಳೂರಿನಲ್ಲಿ ಈ ಭಾಗ್ಯ ಎಷ್ಟು ಜನಕ್ಕಿದೆ?

ಹಾಗಾಗಿ ನಿಮಗೂ, ಇದನ್ನು ಓದುವ ಇತರರಿಗೂ ನಾನು ಹೇಳುವುದು ಇಷ್ಟು. ಅಂಗಡಿಯಲ್ಲಿ ‘ನಾಟಿಯಾ, ಫಾರಮ್ಮಾ’ ಎಂದು ಕೇಳುವ ಮೊದಲು ‘ಯಾವತ್ತಿನದು’ ಎಂದು ಕೇಳಿ. ಪಟ್ಟಣದ ಅಂಚಿನಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವವರು ಸಿಕ್ಕರೆ ಅವರ ಗುರುತು ಮಾಡಿಕೊಂಡು ನೇರವಾಗಿ ತನ್ನಿ, ಬೆಲೆಯಲ್ಲಿ ಚೌಕಾಸಿ ಮಾಡಬೇಡಿ, ವರ್ಷಕ್ಕೆ ಐವತ್ತು ಇಡುವ ಕೋಳಿಯ ತತ್ತಿಗೆ ದುಪ್ಪಟ್ಟು ಕೇಳುವುದು ದುರಾಸೆಯಲ್ಲ. ತಂದ ತತ್ತಿಯನ್ನು ತೊಳೆದಿಡಬೇಡಿ. ಸಿಪ್ಪೆಯ ಮೇಲೆ ಕೋಳಿಯೇ ಕೊಟ್ಟ ಒಂದು ತೆಳು ಲೇಪವಿರುತ್ತದೆ, ತೊಳೆದರೆ ಅದು ಹೋಗಿ ತೂತುಗಳು ತೆರೆದುಕೊಳ್ಳುತ್ತವೆ. ಒಣಬಟ್ಟೆಯಲ್ಲಿ ಒರೆಸಿ, ಫ್ರಿಜ್ಜಿನಲ್ಲಿ ಚೂಪು ತುದಿ ಕೆಳಗೆ ಮಾಡಿ ಇಡಿ, ಅಡುಗೆಗೆ ತೆಗೆದಾಗ ತೊಳೆಯಿರಿ. ಹಸಿಯಾಗಿ ಕುಡಿಯುವ ಹಳೇ ರೂಢಿ ಮನೆಯಲ್ಲಿದ್ದರೆ ಬಿಟ್ಟುಬಿಡಿ, ಬೇಯಿಸಿದ್ದರಲ್ಲೇ ಮೈಗೆ ಹತ್ತುವ ಪ್ರೋಟೀನು ಹೆಚ್ಚು, ಸೋಂಕಿನ ಭಯವೂ ಇಲ್ಲ.

ಇನ್ನು ಅವ್ವನ ಕೋಳಿಗಳು. ಕತ್ತು ತಿರುಚಿಕೊಂಡು, ಹಸಿರು ಭೇದಿಯಾಗಿ ಎರಡು ಮೂರು ದಿನದಲ್ಲಿ ಸಾಲಾಗಿ ಸತ್ತವು ಎಂದು ಬರೆದಿದ್ದೀರಿ. ಲಕ್ಷಣ ಕೊಕ್ಕರೆ ರೋಗದ್ದು (ರಾಣಿಖೇತ್ ಎಂದೂ ಕರೆಯುತ್ತಾರೆ). ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಇದೆ. ಹಳ್ಳಿಗಳಲ್ಲಿ ಯಾರೂ ಹಾಕಿಸದಿರಲು ಒಂದು ಕಾರಣವಿದೆ: ಒಂದು ಸೀಸೆಯಲ್ಲಿ ಐವತ್ತು ನೂರು ಕೋಳಿಗಾಗುವಷ್ಟು ಲಸಿಕೆ ಬರುತ್ತದೆ, ಒಮ್ಮೆ ಕಲಸಿದರೆ ಒಂದೆರಡು ತಾಸಿನೊಳಗೆ ಮುಗಿಸಬೇಕು. ಎಂಟು ಕೋಳಿ ಇರುವ ಮನೆಗೆ ಯಾರು ಸೀಸೆ ಒಡೆಯುತ್ತಾರೆ? ಆದ್ದರಿಂದ ಓಣಿಯ ಹೆಂಗಸರೆಲ್ಲ ಕೂಡಿ ಮಾಡಿಸಬೇಕಾದ ಕೆಲಸ ಇದು. ಬೇಸಿಗೆ ಏರುವ ಮೊದಲೇ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೇಳಿ ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ನಸುಕಿನಲ್ಲಿ, ಕೋಳಿಗಳನ್ನು ಬುಟ್ಟಿಯಿಂದ ಹೊರಗೆ ಬಿಡುವ ಮೊದಲೇ ಹಾಕಿಸಿದರೆ ಹಿಡಿಯಲು ಓಡಬೇಕಾಗಿಲ್ಲ.

ಸತ್ತ ಏಳರ ಬದಲಿಗೆ ಹೊಸ ಮರಿ ತರುವುದಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳ ಬಗ್ಗೆ ವಿಚಾರಿಸಿ. ಹಿತ್ತಲಲ್ಲೇ ಮೇಯುತ್ತವೆ, ಜವಾರಿಗಿಂತ ದುಪ್ಪಟ್ಟಿಗೂ ಹೆಚ್ಚು ಇಡುತ್ತವೆ. ಆದರೆ ಕಾವಿಗೆ ಕೂರುವ ಗುಣ ಅವಕ್ಕೆ ಸಾಲದು. ಅದಕ್ಕೆಂದು ಒಂದೆರಡು ಹಳೇ ಜವಾರಿ ಹೇಂಟೆಗಳನ್ನು ಅವ್ವ ಇಟ್ಟುಕೊಂಡೇ ಇರಲಿ. ಮುಂದಿನ ಗಂಟು ಕಳಿಸುವಾಗ ಪ್ರತಿ ತತ್ತಿಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದು ಕಳಿಸಲು ಹೇಳಿ. ಅವ್ವನಿಗೆ ಅಕ್ಷರ ಬಾರದಿದ್ದರೆ ಓಣಿಯ ಯಾವುದಾದರೂ ಮಗು ಬರೆದುಕೊಟ್ಟೀತು.

— ಸಂಪಾದಕ