ಧಾರವಾಡದಿಂದ ಇಂಡಿಯವರೆಗೆ ಮುಟ್ಟಬೇಕಾದ ಚಿಕಿತ್ಸೆ

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇದೆಯೆಂದು ವಿಜಯಪುರದ ವೈದ್ಯರು ಹೇಳಿದ್ದು, ಕೆಲವು ವಾರ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಒಳರೋಗಿಯಾಗಿ ಇರಿಸಲು ಸೂಚಿಸಿದ್ದಾರೆ. ಅಂಥ ಆಸ್ಪತ್ರೆಗಳಲ್ಲಿ ತಲೆ ಬೋಳಿಸಿ, ಕರೆಂಟು ಕೊಡುತ್ತಾರೆಂದು ಅವ್ವ ಒಪ್ಪುತ್ತಿಲ್ಲ. ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಆಧುನೀಕರಿಸುತ್ತಿದ್ದಾರೆ ಎನ್ನುತ್ತಾರೆ. ಕಟ್ಟಡ ಹೊಸದಾದರೆ ನಮ್ಮಂಥವರಿಗೆ ಏನು ಸಿಕ್ಕೀತು?
— ಓದುಗರೊಬ್ಬರು, ಇಂಡಿ (ವಿಜಯಪುರ ಜಿಲ್ಲೆ)

ಉತ್ತರ: ನಿಮ್ಮ ತಾಯಿಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. ದೇಶದ ಹಳೆಯ ಮಾನಸಿಕ ಆಸ್ಪತ್ರೆಗಳಲ್ಲಿ ಅನೇಕವು ಬ್ರಿಟಿಷರ ಕಾಲದಲ್ಲಿ, ರೋಗಿಗಳನ್ನು ಗುಣಪಡಿಸುವುದಕ್ಕಿಂತ ಊರಿನಿಂದ ದೂರವಿಡುವುದಕ್ಕೇ ಕಟ್ಟಿದಂಥವು. ಆ ನೆನಪು ತಲೆಮಾರುಗಳಿಂದ ಉಳಿದುಬಂದಿದೆ.

ಆದರೆ 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ತಲೆಯನ್ನು ಬಲವಂತವಾಗಿ ಬೋಳಿಸುವಂತಿಲ್ಲ, ಸಮವಸ್ತ್ರ ತೊಡಲು ಒತ್ತಾಯಿಸುವಂತಿಲ್ಲ, ಯಾವ ಕಾರಣಕ್ಕೂ ಸರಪಳಿ ಹಾಕುವಂತಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದೂ ನಿಷಿದ್ಧ. ಈ ಮಾತು ಕಾಗದದಲ್ಲಷ್ಟೇ ಉಳಿಯದಿರಬೇಕಾದರೆ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು, ಆಮ್ಲಜನಕದ ವ್ಯವಸ್ಥೆ, ರಾತ್ರಿ ಪಾಳಿಗೂ ಸಾಕಾಗುವಷ್ಟು ತರಬೇತಾದ ದಾದಿಯರು ಇರಬೇಕು. ಗೋಡೆಗೆ ಬಳಿದ ಬಣ್ಣಕ್ಕಿಂತ ಇವುಗಳಿಗೆ ಹಾಕಿದ ಹಣವೇ ನಿಜವಾದ ಆಧುನೀಕರಣ.

ಅದಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುವುದು ಬಿಡುಗಡೆಯಾದ ನಂತರದ ದಿನಗಳನ್ನು. ಒಳರೋಗಿಯಾಗಿದ್ದು ಚೇತರಿಸಿಕೊಂಡವರು ಮನೆಗೆ ಬಂದು, ಗುಳಿಗೆ ಮುಗಿದಾಗ ಮತ್ತೆ ಧಾರವಾಡಕ್ಕೆ ಹೋಗಲು ಬಸ್ ಖರ್ಚು, ಕೂಲಿ ಎರಡನ್ನೂ ಕಳೆದುಕೊಳ್ಳಲಾರದೆ ಔಷಧ ನಿಲ್ಲಿಸುತ್ತಾರೆ; ಸ್ಕಿಜೋಫ್ರೀನಿಯಾ ಮರುಕಳಿಸಲು ಔಷಧ ನಿಲ್ಲಿಸುವುದು ಬಹುದೊಡ್ಡ ಕಾರಣ. ಈ ತೊಡಕನ್ನು ಮನಗಂಡೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಊರ ಹತ್ತಿರವೇ ಚಿಕಿತ್ಸೆ ಸಿಗುವ ಮಾದರಿಯನ್ನು ರೂಪಿಸಿತು; ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ದೊಡ್ಡ ಆಸ್ಪತ್ರೆ ಎಷ್ಟೇ ಸುಧಾರಿಸಿದರೂ ತಾಲ್ಲೂಕಿನೊಂದಿಗೆ ಅದರ ಕೊಂಡಿ ಗಟ್ಟಿಯಾಗದಿದ್ದರೆ ಅದೇ ರೋಗಿ ಮತ್ತೆ ಮತ್ತೆ ಅದೇ ವಾರ್ಡಿಗೆ ಬರುತ್ತಾನೆ.

ಆದ್ದರಿಂದ ತಮ್ಮನನ್ನು ಸೇರಿಸಿ, ತಾಯಿಯವರನ್ನೂ ಜೊತೆಗೆ ಕರೆದೊಯ್ದು ವಾರ್ಡ್ ತೋರಿಸಿ. ಬಿಡುಗಡೆಗೆ ಮುನ್ನ ಗುಳಿಗೆಗಳ ಹೆಸರು, ಪ್ರಮಾಣ ಮತ್ತು ಮುಂದಿನ ತಪಾಸಣೆಯ ದಿನವನ್ನು ಬರೆಸಿಕೊಂಡು, ಆ ಚೀಟಿಯನ್ನು ಇಂಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಔಷಧಗಳನ್ನು ಸಮುದಾಯ ಆರೋಗ್ಯ ಕೇಂದ್ರ ಹಾಗೂ ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ದಾಸ್ತಾನಿಲ್ಲವೆಂದರೆ ಲಿಖಿತವಾಗಿ ಕೇಳಿರಿ. ನಡುವೆ ಸಲಹೆ ಬೇಕಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.