ಕ್ರೇನ್ ಬಂದಿತ್ತು, ಆದರೂ ಎಳೆಯಲಿಲ್ಲ ಯಾಕೆ?

ಮಳೆ ಹಿಡಿಯಿತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳೂ ಘಾಟಿ ಇಳಿಯುತ್ತವೆ. ಈ ಸಲ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ ಒಂದು ಕಾರು ತಡೆಗೋಡೆ ಒಡೆದು, ಮೂತಿ ಕೆಳಗೆ ಮಾಡಿಕೊಂಡು ನಿಂತಿತ್ತು. ಡ್ರೈವರ್ ಒಳಗೇ ಸಿಕ್ಕಿಕೊಂಡಿದ್ದರು. ಕ್ರೇನ್ ಮೊದಲೇ ಬಂದಿತ್ತು. ಕೊಕ್ಕೆ ಹಾಕಿ ಎಳೆದಿದ್ದರೆ ಐದು ನಿಮಿಷದ ಕೆಲಸ. ಫೈರ್‌ನವರು ಬಂದವರೇ ‘ಎಳೀಬೇಡ, ಹಾಗೇ ಇರಲಿ’ ಅಂದರು. ಮುಕ್ಕಾಲು ಗಂಟೆ ಕ್ರೇನ್ ಸುಮ್ನೆ ನಿಂತಿತ್ತು. ಇದು ಇಲಾಖೆಯವರ ದರ್ಬಾರು ಅಲ್ವಾ? (ಸಕಲೇಶಪುರದ ಓದುಗರು)

ಉತ್ತರ: ಕ್ರೇನ್ ಸುಮ್ನೆ ನಿಂತಿತ್ತು ಅಂತ ನಿಮಗೆ ಹೇಗೆ ಗೊತ್ತು? ರೋಪ್ ಬಿಗಿಯಾಗಿತ್ತಾ, ಜೋತು ಬಿದ್ದಿತ್ತಾ? ಬಿಗಿಯಾಗಿತ್ತು ಅಂದರೆ ಅಲ್ಲಿ ಎಲ್ಲರಿಗಿಂತ ದೊಡ್ಡ ಕೆಲಸ ಅದೇ ಮಾಡುತ್ತಿತ್ತು. ಕಾರನ್ನು ಹಿಡಿದುಕೊಂಡಿತ್ತು. ಒಳಗೆ ಜನ ಇರುವವರೆಗೆ ಕ್ರೇನ್‌ನ ಕೆಲಸ ಅಷ್ಟೇ, ಹಿಡಿಯೋದು. ಎಳೆಯೋದು ಆಮೇಲೆ.

ಒಳಗೆ ಕೂತವರ ಕಡೆಯಿಂದ ನೋಡಿ. ಮುಂಭಾಗ ನುಜ್ಜಾದ ಕಾರಿನಲ್ಲಿ ಡ್ಯಾಶ್‌ಬೋರ್ಡ್ ತೊಡೆಯ ಮೇಲೆ ಬಂದು ಕೂತಿರುತ್ತದೆ, ಪಾದ ಕ್ಲಚ್ಚು ಬ್ರೇಕಿನ ಪೆಡಲ್‌ಗಳ ನಡುವೆ ತಿರುಚಿಕೊಂಡಿರುತ್ತದೆ, ಬೆನ್ನುಮೂಳೆಗೆ ಪೆಟ್ಟಾಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಆಗ ಹಿಂದಿನಿಂದ ಒಂದು ಜಗ್ಗು ಜಗ್ಗಿದರೆ ಕಾರು ಮೇಲೆ ಬರುತ್ತದೆ, ನಿಜ. ಕಾಲು ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲೇ ಇನ್ನಷ್ಟು ತಿರುಚುತ್ತದೆ. ನಾನು ಸರ್ವಿಸ್‌ನಲ್ಲಿದ್ದಾಗ ಚಾರ್ಮಾಡಿಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ನಾವು ಹೋಗುವಷ್ಟರಲ್ಲಿ ಊರಿನವರು ಜೆಸಿಬಿ ತರಿಸಿ, ಬಾಗಿಲಿಗೆ ಚೈನ್ ಸುತ್ತಿ ಎಳೆದುಬಿಟ್ಟಿದ್ದರು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಆ ಹುಡುಗ ಬದುಕಿದ. ಎಡಗಾಲು ಮಾತ್ರ ಮೊದಲಿನಂತಾಗಲಿಲ್ಲ.

ಆ ಮುಕ್ಕಾಲು ಗಂಟೆ ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ಮೊದಲು ಕ್ರೇನ್ ಬೆಲ್ಟನ್ನು ಗಟ್ಟಿ ಜಾಗಕ್ಕೆ, ಅಂದರೆ ಬಂಪರ್‌ಗಲ್ಲ, ಗಾಡಿಯ ಅಡಿಯ ಗಟ್ಟಿ ಚೌಕಟ್ಟಾದ ಚಾಸಿಗೆ ಹಾಕಿ, ಸಡಿಲ ತೆಗೆದು, ಬ್ರೇಕ್ ಲಾಕ್ ಮಾಡಿ ನಿಲ್ಲಿಸಬೇಕು. ಫೈರ್‌ನವರು ಕಾರಿನ ಅಡಿಗೆ ಮರದ ದಿಮ್ಮಿ ಕೊಟ್ಟು ಅಲುಗಾಡದ ಹಾಗೆ ಮಾಡುತ್ತಾರೆ. ಬ್ಯಾಟರಿ ಕೈಗೆ ಸಿಕ್ಕಿದರೆ ಮೈನಸ್ ತಂತಿ ಮೊದಲು ಬಿಚ್ಚುತ್ತಾರೆ, ಯಾಕಂದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ, ಕೆಳಗೆ ಪೆಟ್ರೋಲ್ ಸೋರಿರಬಹುದು. ಬಿಚ್ಚಿದ ಮೇಲೂ ಒಡೆಯದೆ ಉಳಿದ ಏರ್‌ಬ್ಯಾಗ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಇರುತ್ತದೆ, ಅದರ ಎದುರಿಗೆ ತಲೆ ಹಾಕುವ ಹಾಗಿಲ್ಲ. ಇಷ್ಟೆಲ್ಲ ಆದ ಮೇಲೆ ತಗಡು ಕತ್ತರಿಸುವ ಹೈಡ್ರಾಲಿಕ್ ಕಟರ್, ಸಂದು ಅಗಲಿಸುವ ಸ್ಪ್ರೆಡರ್. ಬಾಗಿಲು ಬಿಚ್ಚಿ, ಡ್ಯಾಶ್‌ಬೋರ್ಡ್ ಮುಂದಕ್ಕೆ ತಳ್ಳಿ, ಕಾಲು ಬಿಡಿಸಿ, ಕುತ್ತಿಗೆಗೆ ಪಟ್ಟಿ ಹಾಕಿ ಹೊರಗೆ ತರುವುದು.

ಕಾರು ಲಾರಿಯ ಹಿಂಭಾಗಕ್ಕೆ ನುಗ್ಗಿದ್ದರಂತೂ ಇನ್ನೂ ಸೂಕ್ಷ್ಮ. ಘಾಟಿ ಏರುವ ಲಾರಿ ತೆವಳುತ್ತಿರುತ್ತದೆ, ಹಿಂದಿನ ಲೈಟು ಉರಿಯುತ್ತಿರುವುದಿಲ್ಲ, ಕಾರಿನ ಟಾಪು ಒಳಗಿನವರ ತಲೆಯ ಮೇಲೆ ಕೂತಿರುತ್ತದೆ. ಅಲ್ಲಿ ಕಾರನ್ನು ಹಿಂದಕ್ಕೆ ಎಳೆಯಬಾರದು, ಲಾರಿಯನ್ನು ಎತ್ತಬೇಕು. ಅದಕ್ಕೆ ಫೈರ್‌ನವರ ಕೈಯಲ್ಲಿರುವ ಸಾಮಾನು ಸಾಲದು, ದೊಡ್ಡ ಕ್ರೇನೇ ಬೇಕು. ಲಾರಿಯ ಮೈಗೆ ಕೊಕ್ಕೆ ಹಾಕಿ ಎತ್ತಿದರೆ ಮೊದಲು ಸ್ಪ್ರಿಂಗ್ ಪ್ಲೇಟುಗಳು ಬಿಚ್ಚಿಕೊಳ್ಳುತ್ತವೆ, ಚಕ್ರ ನೆಲದಲ್ಲೇ ಇರುತ್ತದೆ. ಹಾಗಾಗಿ ಹಳೇ ಕ್ರೇನ್ ಆಪರೇಟರ್‌ಗಳು ಆಕ್ಸಲ್ ಮತ್ತು ಚಾಸಿ ಎರಡನ್ನೂ ಚೈನ್‌ನಲ್ಲಿ ಸೇರಿಸಿ ಕಟ್ಟಿ ಎತ್ತುತ್ತಾರೆ. ಒಂದು ಇಂಚು ಎತ್ತಿದರೆ ಕೆಳಗಿನಿಂದ ಒಂದು ಇಂಚು ಮರ ಒಳಗೆ ಹೋಗಬೇಕು. ಇದನ್ನು ನನಗೆ ಯಾವ ತರಬೇತಿಯಲ್ಲೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಕೊಟ್ಟಿಗೆಹಾರದ ಮಂಜಿನಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಲಾರಿ ಅಡಿಗೆ ಮಲಗಿದ್ದ ಒಬ್ಬ ಕ್ರೇನ್‌ನವನೇ ತೋರಿಸಿಕೊಟ್ಟಿದ್ದು.

ಇನ್ನೊಂದು. ಅಪ್ಪಣೆ ಕೊಡುವವನು ಒಬ್ಬನೇ ಇರಬೇಕು. ‘ನಿಲ್ಸು’ ಅಂತ ಮಾತ್ರ ಯಾರು ಬೇಕಾದರೂ ಕೂಗಬಹುದು, ಕೂಗಿದ ಕೂಡಲೇ ಎಲ್ಲರೂ ನಿಲ್ಲಬೇಕು. ನೀವು ದೂರದಿಂದ ದರ್ಬಾರು ಅಂದುಕೊಂಡದ್ದು ಬಹುಶಃ ಇದೇ. ಬಿಗಿಯಾದ ರೋಪ್‌ನ ಹತ್ತಿರ ಮೊಬೈಲ್ ಹಿಡಿದು ನಿಲ್ಲುವವರಿಗೂ ಒಂದು ಮಾತು. ಅದು ತುಂಡಾದರೆ ಚಾಟಿ ಬೀಸಿದ ಹಾಗೆ ಬರುತ್ತದೆ. ರೋಪ್ ಎಷ್ಟು ಉದ್ದ ಇದೆಯೋ ಅದಕ್ಕಿಂತ ಜಾಸ್ತಿ ದೂರ ನಿಲ್ಲಿ. ಬುದ್ಧಿವಂತ ಆಪರೇಟರ್ ಅದರ ಮೇಲೆ ಒದ್ದೆ ಗೋಣಿಚೀಲ ಹಾಕಿರುತ್ತಾನೆ.

ಪ್ರಶ್ನೆ: ಅಣ್ಣ, ನನ್ನದು ಎರಡು ಕ್ರೇನ್ ಇದೆ. ರಾತ್ರಿ ಎರಡು ಗಂಟೆಗೆ ಸ್ಟೇಷನ್‌ನಿಂದ ಫೋನ್ ಬಂದರೆ ಹೋಗುತ್ತೇನೆ. ಜನ ಉಳಿದರೆ ಖುಷಿ. ಆದರೆ ಬೆಳಗ್ಗೆ ಬಾಡಿಗೆ ಕೇಳಿದರೆ ‘ಇನ್ಶೂರೆನ್ಸ್ ಕೊಡುತ್ತೆ’ ಅಂತ ಜಾರಿಕೊಳ್ಳುತ್ತಾರೆ. (ಮೂಡಿಗೆರೆಯಿಂದ ಒಬ್ಬರು)

ಉತ್ತರ: ಕೊಡುತ್ತೆ ತಮ್ಮಾ, ಆದರೆ ಎಷ್ಟು ಅಂತ ಕೇಳಿ. ಕಾರಿನ ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಗಾಡಿ ಸಾಗಿಸುವ ಖರ್ಚಿಗೆ ಇರುವ ಮಿತಿ 1,500 ರೂಪಾಯಿ, ಬೈಕಿಗೆ 300. ಪ್ರಪಾತದಿಂದ ಎತ್ತುವುದಕ್ಕೆ ನಿಮ್ಮ ಡೀಸೆಲ್‌ಗೂ ಸಾಲದು. ಜಾಸ್ತಿ ಪ್ರೀಮಿಯಂ ಕಟ್ಟಿದವರಿಗೆ ಮಾತ್ರ ಜಾಸ್ತಿ ಸಿಗುತ್ತದೆ. ಕಾನೂನಿನ ಕಡೆಯೂ ಒಂದು ತೊಡಕಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಅದು ಪ್ರತಿಫಲ ಬಯಸದೆ ಸಹಾಯ ಮಾಡಿದವರಿಗೆ. ಬಾಡಿಗೆಗೆ ಹೋದ ನೀವು ಅದರೊಳಗೆ ಸಲೀಸಾಗಿ ಬರುವುದಿಲ್ಲ. ಹಾಗಾಗಿ ಮೂರು ಕೆಲಸ ಮಾಡಿ. ಕರೆದವರು ಯಾರು, ಎಷ್ಟು ಗಂಟೆಗೆ ಅಂತ ಬರೆದಿಡಿ. ಕೊಕ್ಕೆ ಹಾಕುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಸ್ಥಳದಲ್ಲಿದ್ದ ಅಧಿಕಾರಿಯ ವರದಿಯಲ್ಲಿ ನಿಮ್ಮ ಕ್ರೇನ್ ನಂಬರ್ ಬರುವ ಹಾಗೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ, ಜೀವ ಉಳಿಸುವ ಕೆಲಸಕ್ಕೆ ಕರೆದ ಕ್ರೇನ್‌ಗೆ ಜಿಲ್ಲಾಡಳಿತವೇ ಒಂದು ದರ ಗೊತ್ತು ಮಾಡಿ ಕೊಡಬೇಕು. ಗಾಯಾಳುವಿನ ಮನೆಯವರ ಹತ್ತಿರ ಆಸ್ಪತ್ರೆ ಬಾಗಿಲಲ್ಲಿ ನಿಂತು ಬಾಡಿಗೆ ಕೇಳುವುದು ನಿಮಗೂ ಕಷ್ಟ, ಅವರಿಗೂ ಕಷ್ಟ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಅಪಘಾತ ಆದರೆ ಮುಟ್ಟಬಹುದಾ? (ಹಾಸನದ ವಿದ್ಯಾರ್ಥಿನಿ)

ಉತ್ತರ: ಒಳಗಿನವರಿಗೆ ಸಹಾಯ ಮಾಡಬಹುದು, ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಮುಟ್ಟಬೇಡಮ್ಮ, ಅವು ಹೈ ವೋಲ್ಟೇಜ್. ಕ್ರೇನ್‌ನವರು ಇದನ್ನು ಚಕ್ರ ಉರುಳಿಸಿಕೊಂಡು ಎಳೆಯಬಾರದು, ಚಕ್ರ ತಿರುಗಿದರೆ ಮೋಟಾರೇ ಕರೆಂಟ್ ಹುಟ್ಟಿಸುತ್ತದೆ. ಪೂರ್ತಿ ಗಾಡಿಯನ್ನು ಮೇಲೆ ಹತ್ತಿಸಿಕೊಂಡೇ ಹೋಗಬೇಕು. ಬ್ಯಾಟರಿ ಜಜ್ಜಿದ್ದರೆ ಆರಿದ ಬೆಂಕಿ ಗಂಟೆಗಳ ಮೇಲೆ, ಕೆಲವು ಸಲ ದಿನಗಳ ಮೇಲೂ ಮತ್ತೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಯಾರ್ಡ್‌ನಲ್ಲಿ ಬೇರೆ ಗಾಡಿಗಳಿಂದ ಸುಮಾರು 15 ಮೀಟರ್ ದೂರ ನಿಲ್ಲಿಸಬೇಕು. ಈ ಮಾತನ್ನು ಫೈರ್‌ನವರು ಗಾಡಿ ಒಪ್ಪಿಸುವಾಗಲೇ ಕ್ರೇನ್‌ನವರಿಗೆ ಹೇಳಿ ಕಳಿಸಬೇಕು.

ಪ್ರಶ್ನೆ: ಯಾವ ನಂಬರಿಗೆ ಫೋನ್ ಮಾಡಬೇಕು? (ಬೇಲೂರಿನ ಓದುಗರು)

ಉತ್ತರ: 112. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ‘ಆಕ್ಸಿಡೆಂಟ್ ಆಗಿದೆ, ಬೇಗ ಬನ್ನಿ’ ಅಂತ ಫೋನ್ ಇಡಬೇಡಿ. ಕಿಲೋಮೀಟರ್ ಕಲ್ಲಿನ ಮೇಲೆ ಏನಿದೆ, ಮಂಗಳೂರು ಕಡೆಗೆ ಇಳಿಯುವ ಗಾಡಿಯಾ, ಹಾಸನ ಕಡೆಗೆ ಏರುವ ಗಾಡಿಯಾ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ ಅಂತ ಹೇಳಿ. ಕಾರು ಲಾರಿಯ ಅಡಿಗೆ ಹೋಗಿದೆ ಅಂದರೆ ಅದನ್ನೂ ಹೇಳಿ, ಫೈರ್ ಗಾಡಿ ಹೊರಡುವಾಗಲೇ ದೊಡ್ಡ ಕ್ರೇನೂ ಹೊರಡಲಿ.