ರೋಡ್‌ಕಿಂಗ್‌ಗೆ ಪೌಡರ್ ಕೋಟಿಂಗ್: ಎಲ್ಲಿಗೆ ಬೇಕು, ಎಲ್ಲಿಗೆ ಬೇಡ

ಪ್ರಶ್ನೆ: ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಬಿಚ್ಚಿಟ್ಟಿದ್ದೇನೆ. ಚಾಸಿ, ಟ್ಯಾಂಕ್ ಎಲ್ಲಕ್ಕೂ ಪೌಡರ್ ಕೋಟಿಂಗ್ ಮಾಡಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಪೌಡರ್ ಕೋಟಿಂಗ್ ಅಂದರೆ ಲೋಹದ ಮೇಲೆ ಬಣ್ಣದ ಪುಡಿ ಎರಚಿ, ಓವನ್‌ನಲ್ಲಿ ಕಾಯಿಸಿ ಕೂರಿಸುವ ಲೇಪ. ಚಾಸಿ, ಸ್ಟ್ಯಾಂಡ್, ಸ್ವಿಂಗ್ ಆರ್ಮ್‌ಗಳಿಗೆ ಧಾರಾಳವಾಗಿ ಮಾಡಿಸಿ. ಟ್ಯಾಂಕಿಗೆ ಮಾತ್ರ ಬೇಡವೇ ಬೇಡ. ಪುಡಿ ಕರಗಿ ಗಟ್ಟಿಯಾಗಲು ಓವನ್‌ನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳೆಯ ಟ್ಯಾಂಕಿನ ತಗ್ಗುಗಳಿಗೆ ಯಾವ ಪುಣ್ಯಾತ್ಮ ಎಷ್ಟು ಪುಟ್ಟಿ ಮೆತ್ತಿದ್ದಾನೋ! ಆ ಬಿಸಿಗೆ ಅದು ಬಿರಿಯುತ್ತದೆ. ಸೀಸದ ಬೆಸುಗೆ ಇದ್ದರೆ ಅದೂ ಕರಗಬಹುದು. ಮೈಸೂರಿನಲ್ಲಿ ಈ ಗಾಡಿಗಳ ಉತ್ಪಾದನೆ 1996ರಲ್ಲೇ ನಿಂತಿದೆ, ಟ್ಯಾಂಕ್ ಕೆಟ್ಟರೆ ಗುಜರಿ ಅಲೆಯಬೇಕು. ಟ್ಯಾಂಕಿಗೆ ಒಳ್ಳೆಯ ಪೇಂಟರ್ ಸಾಕು.

ಹಳೆ ಬಣ್ಣ, ತುಕ್ಕು ಕೀಳಲು ಮರಳು ಹೊಡೆಸುವ (ಸ್ಯಾಂಡ್ ಬ್ಲಾಸ್ಟಿಂಗ್) ಮುನ್ನ ಹ್ಯಾಂಡಲ್ ಬೇರಿಂಗ್ ಕಪ್, ರಬ್ಬರ್ ಬುಷ್ ತೆಗೆಸಿ. ಲೇಪ 60ರಿಂದ 100 ಮೈಕ್ರಾನ್ ದಪ್ಪವಿರುತ್ತದೆ. ನೋಡಲು ಅಲ್ಪ, ಆದರೆ ಕಪ್ ಕೂರುವ ಜಾಗದಲ್ಲಿ ಅಷ್ಟೇ ಸಾಕು, ಸುತ್ತಿಗೆ ಹಿಡಿದು ಗುದ್ದಾಡಬೇಕಾಗುತ್ತದೆ. ಅಂಥ ಜಾಗಗಳಿಗೂ ಬೋಲ್ಟ್ ತೂತುಗಳಿಗೂ ಸಿಲಿಕೋನ್ ಬಿರಡೆ ಹಾಕಿಸಿ. ಅರ್ತ್ ತಂತಿ ಕೂರುವಲ್ಲಿ ಬರಿಯ ಲೋಹವೇ ಇರಲಿ. ಮರಳು ಹೊಡೆದ ಚಾಸಿಯನ್ನು ಮಳೆಗಾಲದಲ್ಲಿ ರಾತ್ರಿಯಿಡೀ ಹಾಗೇ ಬಿಡುವ ಅಂಗಡಿಗೆ ಕೊಡಬೇಡಿ, ಬೆಳಗಾಗುವುದರೊಳಗೆ ತುಕ್ಕು ಹಿಡಿದೀತು.

ಚಾಸಿ ನಂಬರಿನ ಮೇಲೆ ಶಾಖ ತಡೆಯುವ ಟೇಪ್ ಅಂಟಿಸಲು ಹೇಳಿ. ಅಕ್ಷರಗಳಲ್ಲಿ ಪುಡಿ ತುಂಬಿಕೊಂಡರೆ ಆರ್‌ಟಿಒ ತಪಾಸಣೆಯಲ್ಲಿ ಉತ್ತರಿಸುವವರು ನೀವೇ.